ಕರುಳಿನ ಜೀವಾಣುವಿನಿಂದ ಕಾರ್ಖಾನೆಯ ಬಾಟಲಿಗೆ: ಡಾ. ಮಿನೋರು ಶಿರೋಟಾ ಅವರ ಸಂಶೋಧನೆ ಮತ್ತು ಪ್ರೋಬಯಾಟಿಕ್ ಉದ್ಯಮ

ಮೊಸರು, ಮಜ್ಜಿಗೆ, ಐಸ್‌ಕ್ರೀಂ, ಹಣ್ಣಿನ ಪಾನೀಯ, ಪುಡಿ, ಮಾತ್ರೆ ಮುಂತಾದ ಅನೇಕ ಉತ್ಪನ್ನಗಳ ಹೊದಿಕೆಯ ಮೇಲೆ ಇಂದು 'ಪ್ರೋಬಯಾಟಿಕ್' ಎಂಬ ಪದವು ಕಾಣಸಿಗುತ್ತದೆ. ಹಾಲು ಸಂಸ್ಕರಣೆ, ಸಿದ್ಧ ಆಹಾರ ತಯಾರಿಕೆ, ಔಷಧಿಗಳ ಸಗಟು ವ್ಯಾಪಾರ ಹಾಗೂ ಶೀತಲ ಸಾಗಣೆಯಲ್ಲಿ ತೊಡಗಿರುವ ನಮ್ಮ ಸದಸ್ಯರಿಗೆ ಈ ಪದ ಹೊಸದಲ್ಲ. ಆದರೆ ಅದರ ಅರ್ಥವೇನು, ಯಾವ ಉತ್ಪನ್ನಕ್ಕೆ ಅದು ಸಲ್ಲುತ್ತದೆ, ಯಾವುದಕ್ಕೆ ಸಲ್ಲದು ಎಂಬ ವಿಷಯದಲ್ಲಿ ಸಾಕಷ್ಟು ಗೊಂದಲವಿದೆ. "ನಾವು ತಯಾರಿಸುವ ಮೊಸರಿನಲ್ಲಿಯೂ ಜೀವಾಣುಗಳಿವೆಯಲ್ಲವೇ? ಹಾಗಿದ್ದ ಮೇಲೆ ನಮ್ಮ ಪೊಟ್ಟಣದ ಮೇಲೆ ಆ ಪದವನ್ನು ಮುದ್ರಿಸಲು ಅಡ್ಡಿಯೇನು?" ಎಂಬುದು ಸಣ್ಣ ತಯಾರಕರ ಸಹಜವಾದ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರವನ್ನು ಕಾನೂನಿನ ಪುಸ್ತಕದಿಂದ ಆರಂಭಿಸುವುದಕ್ಕಿಂತ ಒಬ್ಬ ವಿಜ್ಞಾನಿಯ ಬದುಕಿನಿಂದ ಆರಂಭಿಸುವುದು ಲೇಸು. ಜಪಾನಿನ ವೈದ್ಯ ಹಾಗೂ ಸೂಕ್ಷ್ಮಜೀವಿ ವಿಜ್ಞಾನಿ ಡಾ. ಮಿನೋರು ಶಿರೋಟಾ ಅವರು ಒಂದು ಜೀವಾಣುವಿನ ತಳಿಯನ್ನು ಆರಿಸಿ, ಬೆಳೆಸಿ, ಅದನ್ನು ಜನಸಾಮಾನ್ಯರ ಕೈಗೆಟಕುವ ಪಾನೀಯವನ್ನಾಗಿ ಮಾಡಿದವರು. ಅವರು ಪ್ರಯೋಗಾಲಯದಲ್ಲಿ ಎದುರಿಸಿದ ಪ್ರಶ್ನೆಗಳೇ ಇಂದು ನಿಯಮಾವಳಿಗಳಲ್ಲಿ ಷರತ್ತುಗಳಾಗಿ ನಿಂತಿವೆ.

ಹಿನ್ನೆಲೆ

ಮನುಷ್ಯನ ಕರುಳಿನಲ್ಲಿ ಜೀವಾಣುಗಳು ವಾಸಿಸುತ್ತವೆ ಎಂಬ ಅರಿವು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದ್ದು. 1885ರಲ್ಲಿ ಥಿಯೋಡೋರ್ ಎಶ್ಚೆರಿಚ್ ಎಂಬ ಮಕ್ಕಳ ವೈದ್ಯರು ಶಿಶುಗಳ ಮಲದಲ್ಲಿದ್ದ ಒಂದು ಬ್ಯಾಕ್ಟೀರಿಯಾವನ್ನು ವಿವರಿಸಿದರು. ಮುಂದೆ ಅವರ ಹೆಸರನ್ನೇ ಪಡೆದ ಆ ಜೀವಾಣುವನ್ನು ನಾವು ಇ. ಕೋಲಿ ಎಂದು ಕರೆಯುತ್ತೇವೆ. 1899ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಹೆನ್ರಿ ಟಿಸಿಯೇ ಅವರು ಎದೆಹಾಲು ಕುಡಿಯುವ ಶಿಶುಗಳ ಕರುಳಿನಿಂದ ಬಿಫಿಡೋಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು.

ಅದೇ ಸಂಸ್ಥೆಯಲ್ಲಿದ್ದ ಎಲೀ ಮೆಚ್ನಿಕಾಫ್ ಅವರು ಈ ತಿಳಿವಳಿಕೆಗೆ ಹೊಸ ತಿರುವು ನೀಡಿದರು. ರೋಗನಿರೋಧಕ ಶಕ್ತಿಯ ಸಂಶೋಧನೆಗಾಗಿ 1908ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಈ ವಿಜ್ಞಾನಿ, ದೊಡ್ಡ ಕರುಳಿನಲ್ಲಿ ಆಹಾರವು ಕೊಳೆಯುವುದರಿಂದ ಉಂಟಾಗುವ ವಿಷಗಳೇ ಮುಪ್ಪಿಗೆ ಕಾರಣವೆಂದು ನಂಬಿದ್ದರು. ಹುಳಿ ಹಾಲನ್ನು ನಿತ್ಯ ಸೇವಿಸುವ ಬಲ್ಗೇರಿಯಾದ ರೈತರು ದೀರ್ಘಾಯುಷಿಗಳೆಂಬ ವರದಿಗಳನ್ನು ಆಧರಿಸಿ, ಆ ಹಾಲಿನಲ್ಲಿರುವ ಆಮ್ಲೋತ್ಪಾದಕ ಜೀವಾಣುಗಳು ಕೊಳೆತವನ್ನು ತಡೆಯುತ್ತವೆ ಎಂದು ಅವರು ವಾದಿಸಿದರು. ಯುರೋಪಿನಲ್ಲಿ ಹುಳಿ ಹಾಲಿನ ವ್ಯಾಪಾರ ಇದ್ದಕ್ಕಿದ್ದಂತೆ ಬೆಳೆಯಿತು.

ಆದರೆ ಒಂದು ತೊಡಕಿತ್ತು. ಮೊಸರಿಗೆ ಹೆಪ್ಪು ಹಾಕುವ ಬಲ್ಗೇರಿಯಾದ ಆ ಜೀವಾಣುವು ಜಠರದ ಆಮ್ಲವನ್ನೂ ಪಿತ್ತರಸವನ್ನೂ ದಾಟಿ ಕರುಳಿನಲ್ಲಿ ನೆಲೆಯೂರಲಾರದು ಎಂಬುದನ್ನು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಲಿಯೋ ರೆಟ್ಗರ್ ಮತ್ತು ಹ್ಯಾರಿ ಚೆಪ್ಲಿನ್ ಅವರು 1921ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದರು. ಮೆಚ್ನಿಕಾಫ್ ಅವರ ಆಲೋಚನೆಯ ದಿಕ್ಕು ಸರಿಯಿದ್ದರೂ ಅವರು ಆರಿಸಿದ ಜೀವಾಣು ಆ ಕೆಲಸಕ್ಕೆ ತಕ್ಕುದಾಗಿರಲಿಲ್ಲ.

ಕ್ಯೋಟೋದ ಪ್ರಯೋಗಾಲಯ

ಅದೇ 1921ರಲ್ಲಿ ಮಿನೋರು ಶಿರೋಟಾ ಎಂಬ ತರುಣನು ಕ್ಯೋಟೋ ಸಾಮ್ರಾಜ್ಯ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗವನ್ನು ಸೇರಿದನು. 1899ರ ಏಪ್ರಿಲ್ 23ರಂದು ನಾಗಾನೋ ಪ್ರಾಂತದ ಈಡಾ ಪ್ರದೇಶದ ಗುಡ್ಡಗಾಡಿನ ಊರಿನಲ್ಲಿ ಜನಿಸಿದ ಅವರು, ಸಾಂಕ್ರಾಮಿಕ ರೋಗಗಳಿಗೆ ಮಕ್ಕಳು ಬಲಿಯಾಗುತ್ತಿದ್ದುದನ್ನು ಕಂಡು ಬೆಳೆದವರು. ಆ ಕಾಲದ ಜಪಾನ್ ಸಿರಿವಂತ ದೇಶವಾಗಿರಲಿಲ್ಲ. ನೈರ್ಮಲ್ಯದ ಕೊರತೆ, ಅಪೌಷ್ಟಿಕತೆ, ಭೇದಿಯಂತಹ ಕಾಯಿಲೆಗಳು ಸಾಮಾನ್ಯವಾಗಿದ್ದವು. ರೋಗ ಬಂದ ಮೇಲೆ ಚಿಕಿತ್ಸೆ ಮಾಡುವುದಕ್ಕಿಂತ ರೋಗ ಬಾರದಂತೆ ತಡೆಯುವುದೇ ಮೇಲು ಎಂಬ ನಿಲುವಿಗೆ ಬಂದ ಶಿರೋಟಾ ಅವರು ಸೂಕ್ಷ್ಮಜೀವಿ ವಿಜ್ಞಾನವನ್ನು ತಮ್ಮ ಕ್ಷೇತ್ರವನ್ನಾಗಿ ಆರಿಸಿಕೊಂಡರು.

ಲ್ಯಾಕ್ಟಿಕ್ ಆಮ್ಲವನ್ನು ಉತ್ಪಾದಿಸುವ ಜೀವಾಣುಗಳು ಹಾನಿಕಾರಕ ಜೀವಾಣುಗಳನ್ನು ಹತ್ತಿಕ್ಕಬಲ್ಲವು ಎಂಬುದು ಆಗಲೇ ತಿಳಿದಿತ್ತು. ಅವು ಜೀವಂತವಾಗಿ ಕರುಳನ್ನು ತಲುಪುವುದು ಹೇಗೆ ಎಂಬುದೇ ಶಿರೋಟಾ ಅವರ ಮುಂದಿದ್ದ ಪ್ರಶ್ನೆ. ಊಟದ ಮೂಲಕ ಒಳಹೋದ ಜೀವಾಣು ಮೊದಲು ಜಠರದ ತೀಕ್ಷ್ಣ ಆಮ್ಲದಲ್ಲಿ ಮುಳುಗಬೇಕು, ಅನಂತರ ಸಣ್ಣ ಕರುಳಿನ ಆರಂಭದಲ್ಲಿ ಪಿತ್ತರಸವನ್ನು ಎದುರಿಸಬೇಕು. ಬಹುಪಾಲು ಜೀವಾಣುಗಳು ಈ ಎರಡು ಸುಂಕದ ಕಟ್ಟೆಗಳಲ್ಲಿಯೇ ನಾಶವಾಗುತ್ತವೆ.

ಶಿರೋಟಾ ಅವರು ಅನೇಕ ಲ್ಯಾಕ್ಟಿಕ್ ಜೀವಾಣುಗಳನ್ನು ಸಂಗ್ರಹಿಸಿ, ಆಮ್ಲ ಮತ್ತು ಪಿತ್ತರಸಗಳನ್ನು ತಾಳಿಕೊಳ್ಳಬಲ್ಲವುಗಳನ್ನು ಆರಿಸಿ ಮತ್ತೆ ಮತ್ತೆ ಬೆಳೆಸಿದರು. ನಮ್ಮ ರೈತರು ಬರ ತಾಳುವ ರಾಗಿಯ ತೆನೆಯನ್ನು ಬೀಜಕ್ಕಾಗಿ ಎತ್ತಿಡುವ ಕ್ರಮವನ್ನೇ ಇದು ಹೋಲುತ್ತದೆ. 1930ರಲ್ಲಿ ಅವರ ಶ್ರಮ ಫಲಿಸಿತು. ಅಂದು ಅವರು ಬೆಳೆಸಿದ ತಳಿಯು ಬಹುಕಾಲ 'ಲ್ಯಾಕ್ಟೋಬ್ಯಾಸಿಲಸ್ ಕೇಸಿ ಶಿರೋಟಾ' ಎಂಬ ಹೆಸರಿನಿಂದ ಪ್ರಸಿದ್ಧವಾಗಿತ್ತು. 2020ರಲ್ಲಿ ವಿಜ್ಞಾನಿಗಳು ಲ್ಯಾಕ್ಟೋಬ್ಯಾಸಿಲಸ್ ಎಂಬ ದೊಡ್ಡ ಕುಲವನ್ನು ಅನೇಕ ಕುಲಗಳಾಗಿ ಮರುವಿಂಗಡಣೆ ಮಾಡಿದ ಮೇಲೆ ಅದನ್ನು 'ಲ್ಯಾಕ್ಟಿಕೇಸಿಬ್ಯಾಸಿಲಸ್ ಪ್ಯಾರಾಕೇಸಿ ಶಿರೋಟಾ' ಎಂದು ಕರೆಯಲಾಗುತ್ತಿದೆ.

ಹೆಸರಿನ ಮೂರು ಭಾಗಗಳನ್ನು ಉದ್ಯಮಿಗಳು ಗಮನಿಸಬೇಕು. ಮೊದಲನೆಯದು ಕುಲ, ಎರಡನೆಯದು ಪ್ರಭೇದ, ಮೂರನೆಯದು ತಳಿ. ಮಾವು ಎಂದ ಮಾತ್ರಕ್ಕೆ ಎಲ್ಲವೂ ಬಾದಾಮಿ ಮಾವಲ್ಲ. ರಸಪುರಿಯ ಗುಣ ತೋತಾಪುರಿಗೆ ಬರುವುದಿಲ್ಲ. ಹಾಗೆಯೇ ಒಂದು ತಳಿಯ ಮೇಲೆ ನಡೆದ ಪರೀಕ್ಷೆಯ ಫಲವನ್ನು ಅದೇ ಪ್ರಭೇದದ ಮತ್ತೊಂದು ತಳಿಯು ತನ್ನದೆಂದು ಹೇಳಿಕೊಳ್ಳಲಾಗದು. ಪ್ರೋಬಯಾಟಿಕ್ ವ್ಯವಹಾರದಲ್ಲಿ ನಿಜವಾದ ಬಂಡವಾಳವೆಂದರೆ ಈ ಮೂರನೆಯ ಹೆಸರು.

ಪ್ರಯೋಗಾಲಯದಿಂದ ಮಾರುಕಟ್ಟೆಗೆ

ತಮ್ಮ ಫಲಿತಾಂಶವನ್ನು ವೈಜ್ಞಾನಿಕ ಪತ್ರಿಕೆಗಳಲ್ಲಿ ಪ್ರಕಟಿಸಿ ಸುಮ್ಮನಾಗುವುದು ಶಿರೋಟಾ ಅವರಿಗೆ ಸಮ್ಮತವಾಗಲಿಲ್ಲ. 1935ರಲ್ಲಿ ಫುಕುಓಕಾ ನಗರದಲ್ಲಿ ಹುದುಗಿಸಿದ ಹಾಲಿನ ಪಾನೀಯದ ತಯಾರಿಕೆ ಮತ್ತು ಮಾರಾಟ ಆರಂಭವಾಯಿತು. ಎಸ್ಪೆರಾಂಟೋ ಭಾಷೆಯಲ್ಲಿ ಮೊಸರಿಗೆ ಇರುವ 'ಯಾಹುರ್ತೋ' ಎಂಬ ಪದದಿಂದ 'ಯಾಕುಲ್ಟ್' ಎಂಬ ಹೆಸರನ್ನು ರೂಪಿಸಲಾಯಿತು. 1938ರಲ್ಲಿ ಅದು ನೋಂದಾಯಿತ ವ್ಯಾಪಾರ ಚಿಹ್ನೆಯಾಯಿತು.

ಅವರು ಮೂರು ತತ್ತ್ವಗಳನ್ನು ಸಂಸ್ಥೆಯ ಅಡಿಗಲ್ಲಾಗಿ ಇರಿಸಿದರು. ರೋಗ ಬರುವ ಮುನ್ನವೇ ತಡೆಯುವುದು ಮೊದಲನೆಯದು. ಆರೋಗ್ಯವಂತ ಕರುಳೇ ದೀರ್ಘಾಯುಷ್ಯದ ಬುನಾದಿ ಎಂಬುದು ಎರಡನೆಯದು. ಎಲ್ಲರೂ ಕೊಳ್ಳಬಲ್ಲ ಬೆಲೆ ಮೂರನೆಯದು. ಮೂರನೆಯ ತತ್ತ್ವವು ಕೇವಲ ಸದಾಶಯವಾಗಿರದೆ ವ್ಯಾಪಾರದ ಲೆಕ್ಕಾಚಾರವೂ ಆಗಿತ್ತು. ಕರುಳನ್ನು ಸೇರಿದ ಇಂತಹ ಜೀವಾಣುಗಳು ಬಹುಮಟ್ಟಿಗೆ ಅಲ್ಲಿ ಶಾಶ್ವತವಾಗಿ ನೆಲಸುವುದಿಲ್ಲ. ಸೇವನೆ ನಿಂತ ಕೆಲವು ದಿನಗಳಲ್ಲಿ ಹೊರಹೋಗುತ್ತವೆ. ಆದುದರಿಂದ ಫಲ ಬೇಕಾದರೆ ನಿತ್ಯ ಸೇವನೆ ಅಗತ್ಯ. ನಿತ್ಯ ಕೊಳ್ಳುವ ವಸ್ತುವಿನ ಬೆಲೆ ಹಾಲು-ಪತ್ರಿಕೆಗಳಷ್ಟೇ ಹಗುರವಾಗಿರಬೇಕು.

ತಯಾರಿಕೆಯ ಕ್ರಮ ಸರಳವೆಂದು ತೋರಿದರೂ ಶಿಸ್ತಿನದು. ಕೆನೆ ತೆಗೆದ ಹಾಲಿನ ಪುಡಿ, ಸಕ್ಕರೆ ಮತ್ತು ನೀರಿನ ಮಿಶ್ರಣವನ್ನು ಹೆಚ್ಚಿನ ಉಷ್ಣದಲ್ಲಿ ನಿರ್ಜೀವಗೊಳಿಸಲಾಗುತ್ತದೆ. ಪಾನೀಯಕ್ಕೆ ಬರುವ ತಿಳಿಗಂದು ಬಣ್ಣವು ಹಾಲಿನ ಪ್ರೋಟೀನು ಮತ್ತು ಸಕ್ಕರೆಗಳು ಈ ಕಾವಿನಲ್ಲಿ ಕೂಡಿದುದರ ಪರಿಣಾಮ. ತಣಿದ ಮಿಶ್ರಣಕ್ಕೆ ಜೀವಾಣುಗಳನ್ನು ಸೇರಿಸಿ ಹಲವು ದಿನಗಳ ಕಾಲ ಹುದುಗಿಸಲಾಗುತ್ತದೆ. ಮನೆಯ ಮೊಸರು ಒಂದು ರಾತ್ರಿಯಲ್ಲಿ ಸಿದ್ಧವಾದರೆ ಇದಕ್ಕೆ ಸುಮಾರು ಒಂದು ವಾರ ಬೇಕು. ಬಾಟಲಿ ತುಂಬಿದ ಕ್ಷಣದಿಂದ ಗ್ರಾಹಕನ ಕೈ ಸೇರುವವರೆಗೆ ಅದು ತಂಪಿನಲ್ಲಿಯೇ ಇರಬೇಕು. ಭಾರತದಲ್ಲಿ ಮಾರಾಟವಾಗುವ 65 ಮಿಲಿಲೀಟರಿನ ಬಾಟಲಿಯಲ್ಲಿ 650 ಕೋಟಿಗೂ ಮಿಕ್ಕಿ ಜೀವಾಣುಗಳಿವೆ ಎಂದು ತಯಾರಕರು ಹೊದಿಕೆಯ ಮೇಲೆ ನಮೂದಿಸುತ್ತಾರೆ.

ಎರಡನೆಯ ಮಹಾಯುದ್ಧದ ಬಳಿಕ, 1955ರಲ್ಲಿ ಯಾಕುಲ್ಟ್ ಹೊನ್ಶಾ ಎಂಬ ಕಂಪನಿಯು ಟೋಕಿಯೋದಲ್ಲಿ ಸ್ಥಾಪನೆಯಾಯಿತು. ಅದೇ ವರ್ಷ ಕ್ಯೋಟೋದಲ್ಲಿ ಸಂಶೋಧನಾಲಯವೂ ಆರಂಭವಾಯಿತು. 1967ರಲ್ಲಿ ಅದನ್ನು ಟೋಕಿಯೋ ಬಳಿಯ ಕುನಿತಾಚಿಗೆ ಸ್ಥಳಾಂತರಿಸಲಾಯಿತು. ಒಂದೇ ಉತ್ಪನ್ನವನ್ನು ನಂಬಿದ ಕಂಪನಿಯು ತಯಾರಿಕೆಯ ಜೊತೆಗೇ ಸಂಶೋಧನೆಗೂ ನೆಲೆ ಒದಗಿಸಿದುದು ಗಮನಾರ್ಹ.

ವಿತರಣೆಯಲ್ಲಿಯೂ ಹೊಸ ದಾರಿ ಕಂಡುಕೊಂಡರು. 1963ರಲ್ಲಿ ಗೃಹಿಣಿಯರ ಮೂಲಕ ಮನೆಮನೆಗೆ ತಲುಪಿಸುವ ವ್ಯವಸ್ಥೆ ಜಾರಿಗೆ ಬಂತು. ಜೀವಾಣು ಎಂದರೆ ರೋಗವೆಂದೇ ತಿಳಿದಿದ್ದ ಜನರಿಗೆ, ಜೀವಾಣುವನ್ನು ಕುಡಿಯಿರಿ ಎಂದು ಹೇಳಿ ಒಪ್ಪಿಸಲು ಜಾಹೀರಾತಿಗಿಂತ ನೆರೆಮನೆಯ ಪರಿಚಿತ ಮುಖವೇ ಹೆಚ್ಚು ಸಮರ್ಥವಾಯಿತು. 1968ರಲ್ಲಿ ಗಾಜಿನ ಬಾಟಲಿಯ ಬದಲಿಗೆ ಹಗುರವಾದ ಪ್ಲಾಸ್ಟಿಕ್ ಬಾಟಲಿ ಬಂದಿತು. ಖಾಲಿ ಬಾಟಲಿಗಳನ್ನು ಹಿಂದಕ್ಕೆ ತರುವ, ತೊಳೆಯುವ ಹೊರೆ ತಪ್ಪಿತು. 1964ರಲ್ಲಿ ತೈವಾನಿನಿಂದ ಆರಂಭವಾದ ವಿದೇಶಿ ವ್ಯಾಪಾರವು ಕ್ರಮೇಣ ಸುಮಾರು 40 ದೇಶ-ಪ್ರದೇಶಗಳಿಗೆ ಹಬ್ಬಿತು. ಭಾರತದಲ್ಲಿ ಫ್ರಾನ್ಸಿನ ಡ್ಯಾನೋನ್ ಕಂಪನಿಯೊಡನೆ ಕೂಡಿ ಹರಿಯಾಣದ ಸೋನಿಪತ್‌ನಲ್ಲಿ ಕಾರ್ಖಾನೆ ಸ್ಥಾಪಿಸಿ, 2008ರಲ್ಲಿ ಮಾರಾಟ ಆರಂಭಿಸಲಾಯಿತು.

ಡಾ. ಶಿರೋಟಾ ಅವರು 1982ರ ಮಾರ್ಚ್ 10ರಂದು ನಿಧನರಾದರು. ಆ ವೇಳೆಗೆ ಅವರ ತಳಿಗೆ ಅರ್ಧ ಶತಮಾನ ತುಂಬಿತ್ತು. ಆದರೆ 'ಪ್ರೋಬಯಾಟಿಕ್' ಎಂಬ ಪದ ಇಂದಿನ ಅರ್ಥದಲ್ಲಿ ಇನ್ನೂ ಜನಬಳಕೆಗೆ ಬಂದಿರಲಿಲ್ಲ.

ಕರುಳಿನೊಳಗಿನ ಲೋಕ

ಶಿರೋಟಾ ಅವರ ಕಾಲದಲ್ಲಿ ಕರುಳಿನ ಜೀವಾಣುಗಳ ಪೂರ್ಣ ಚಿತ್ರ ಯಾರಿಗೂ ತಿಳಿದಿರಲಿಲ್ಲ. ಕರುಳಿನಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿನ ಬಹುಪಾಲು ಜೀವಾಣುಗಳು ಗಾಳಿ ಸೋಕಿದೊಡನೆ ಸಾಯುತ್ತವೆ. ಆದುದರಿಂದ ಸಾಮಾನ್ಯ ತಟ್ಟೆಗಳಲ್ಲಿ ಅವುಗಳನ್ನು ಬೆಳೆಸಲಾಗುತ್ತಿರಲಿಲ್ಲ. ಜಪಾನಿನವರೇ ಆದ ತೊಮೊತಾರಿ ಮಿತ್ಸುಓಕಾ ಅವರು ಆಮ್ಲಜನಕವಿಲ್ಲದ ವಾತಾವರಣದಲ್ಲಿ ಅವುಗಳನ್ನು ಬೆಳೆಸಿ ವರ್ಗೀಕರಿಸುವ ಕಾರ್ಯಕ್ಕೆ ತಮ್ಮ ಜೀವಮಾನವನ್ನೇ ಮುಡಿಪಿಟ್ಟರು. ಬಳಿಕ, ಬೆಳೆಸದೆಯೇ ಅನುವಂಶಿಕ ವಸ್ತುವನ್ನು ಓದಿ ಜೀವಾಣುಗಳನ್ನು ಗುರುತಿಸುವ ವಿಧಾನ ಬಂದಿತು. ಅಮೆರಿಕವು 2007ರಲ್ಲಿ ಆರಂಭಿಸಿದ ಮಾನವ ಮೈಕ್ರೋಬಯೋಮ್ ಯೋಜನೆಯು 2012ರಲ್ಲಿ ತನ್ನ ಮುಖ್ಯ ಫಲಿತಾಂಶಗಳನ್ನು ಪ್ರಕಟಿಸಿತು.

ದೇಹದ ಜೀವಕೋಶಗಳಿಗಿಂತ ಜೀವಾಣುಗಳು ಹತ್ತು ಪಟ್ಟು ಹೆಚ್ಚು ಎಂಬ ಮಾತನ್ನು ಜಾಹೀರಾತುಗಳು ಇಂದಿಗೂ ಬಳಸುತ್ತವೆ. ಅದು ಸರಿಯಲ್ಲ. 2016ರಲ್ಲಿ ಪ್ರಕಟವಾದ ಎಚ್ಚರಿಕೆಯ ಲೆಕ್ಕದ ಪ್ರಕಾರ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ. ಜೀವಕೋಶಗಳು ಸುಮಾರು 30 ಲಕ್ಷ ಕೋಟಿ. ಎರಡೂ ಹೆಚ್ಚುಕಡಿಮೆ ಸಮವೆನ್ನಬಹುದು. ಆ ಎಲ್ಲ ಜೀವಾಣುಗಳ ಒಟ್ಟು ತೂಕ ಸುಮಾರು 200 ಗ್ರಾಂ ಮಾತ್ರ. ಬಾಟಲಿಯ 650 ಕೋಟಿಯು ಕೇಳಲು ದೊಡ್ಡ ಸಂಖ್ಯೆ. ಆದರೆ 38 ಲಕ್ಷ ಕೋಟಿಯ ಎದುರಿನಲ್ಲಿ ಅದು ಸುಮಾರು 6,000ದಲ್ಲಿ ಒಂದು ಪಾಲು. ಹೊರಗಿನಿಂದ ಬಂದ ಜೀವಾಣು ಕರುಳಿನ ಜನಸಂಖ್ಯೆಯನ್ನೇ ಬದಲಿಸಿಬಿಡುತ್ತದೆ ಎಂದು ನಿರೀಕ್ಷಿಸುವುದು ಸಲ್ಲದು. ಆಮ್ಲವನ್ನು ಸ್ರವಿಸುವುದು, ಹಾನಿಕಾರಕ ಜೀವಾಣುಗಳೊಡನೆ ಆಹಾರಕ್ಕಾಗಿ ಪೈಪೋಟಿ ನಡೆಸುವುದು, ಕರುಳಿನ ಗೋಡೆಯ ರೋಗನಿರೋಧಕ ಕೋಶಗಳನ್ನು ಎಚ್ಚರಿಸುವುದು ಇವೇ ಅದು ಹಾದುಹೋಗುವಾಗ ಮಾಡಬಲ್ಲ ಕೆಲಸಗಳು.

ಭಾರತದ ನೆಲದಲ್ಲಿ ಎರಡು ಪರೀಕ್ಷೆಗಳು

ಶಿರೋಟಾ ತಳಿಯನ್ನು ಭಾರತದ ಮಕ್ಕಳಲ್ಲಿ ಪರೀಕ್ಷಿಸಿದವರು ಕೋಲ್ಕತ್ತಾದ ರಾಷ್ಟ್ರೀಯ ಕಾಲರಾ ಮತ್ತು ಕರುಳು ರೋಗಗಳ ಸಂಸ್ಥೆಯ ವಿಜ್ಞಾನಿಗಳು. ಅಲ್ಲಿನ ಕೊಳೆಗೇರಿಯ 1ರಿಂದ 5 ವರ್ಷದ 3,758 ಮಕ್ಕಳನ್ನು ಎರಡು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ಪ್ರೋಬಯಾಟಿಕ್ ಪಾನೀಯವನ್ನೂ ಮತ್ತೊಂದಕ್ಕೆ ಜೀವಾಣುಗಳಿಲ್ಲದ ಪೌಷ್ಟಿಕ ಪಾನೀಯವನ್ನೂ 12 ವಾರಗಳ ಕಾಲ ನೀಡಲಾಯಿತು. ಅನಂತರ ಮತ್ತೂ 12 ವಾರ ಮಕ್ಕಳ ಆರೋಗ್ಯವನ್ನು ಗಮನಿಸಲಾಯಿತು. 2011ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮೊದಲ ಗುಂಪಿನಲ್ಲಿ 608 ಮಕ್ಕಳಿಗೂ ಎರಡನೆಯದರಲ್ಲಿ 674 ಮಕ್ಕಳಿಗೂ ಭೇದಿ ಕಾಣಿಸಿಕೊಂಡಿತು. ರಕ್ಷಣೆಯ ಪ್ರಮಾಣ ಶೇ. 14. ಇದು ನಿಜವಾದ ಲಾಭವೇ. ಆದರೆ ಸಾಧಾರಣ ಲಾಭ. ಶುದ್ಧ ನೀರು ಮತ್ತು ಶೌಚಾಲಯದ ಸ್ಥಾನವನ್ನು ಅದು ತುಂಬಲಾರದು.

ಎರಡನೆಯ ಪರೀಕ್ಷೆ ಒಡಿಶಾದ್ದು; ತಳಿಯೂ ಬೇರೆ. ಡಾ. ಪಿನಾಕಿ ಪಾಣಿಗ್ರಾಹಿ ಮತ್ತು ಸಂಗಡಿಗರು ದೀರ್ಘಕಾಲದ ಸಿದ್ಧತೆಯ ನಂತರ, ಹಲವು ತಳಿಗಳಲ್ಲಿ ಒಂದನ್ನು ಆರಿಸಿ, ಅದರೊಡನೆ ಅದಕ್ಕೆ ಆಹಾರವಾಗುವ ಒಂದು ಬಗೆಯ ಸಕ್ಕರೆಯನ್ನು ಬೆರೆಸಿ, ಹಳ್ಳಿಗಳ ನವಜಾತ ಶಿಶುಗಳಿಗೆ 7 ದಿನಗಳ ಕಾಲ ನೀಡಿದರು. 4,556 ಶಿಶುಗಳನ್ನು ಒಳಗೊಂಡ ಈ ಅಧ್ಯಯನವು 2017ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ರಕ್ತದ ನಂಜು ಅಥವಾ ಮರಣಕ್ಕೆ ಈಡಾದ ಶಿಶುಗಳ ಪ್ರಮಾಣ ಶೇ. 9ರಿಂದ ಶೇ. 5.4ಕ್ಕೆ ಇಳಿಯಿತು. ಅಂದರೆ ನೂರು ಶಿಶುಗಳಲ್ಲಿ ಮೂರು-ನಾಲ್ಕು ಶಿಶುಗಳು ಅಪಾಯದಿಂದ ಪಾರಾದವು. ಒಂದು ವಾರದ ಅಗ್ಗದ ಪುಡಿಯಿಂದ ಇಷ್ಟು ದೊರೆತುದು ಜಗತ್ತಿನ ಗಮನ ಸೆಳೆಯಿತು.

ಈ ಎರಡೂ ಅಧ್ಯಯನಗಳಲ್ಲಿ ತಳಿಯ ಹೆಸರು, ಪ್ರಮಾಣ, ಅವಧಿ, ಸೇವಿಸಿದವರ ವಯಸ್ಸು, ತಡೆಯಬೇಕಾದ ರೋಗ ಇವೆಲ್ಲವೂ ಮೊದಲೇ ನಿಶ್ಚಿತವಾಗಿದ್ದವು. "ಆರೋಗ್ಯಕ್ಕೆ ಒಳ್ಳೆಯದು" ಎಂಬ ಸಡಿಲವಾದ ಮಾತಿಗೆ ಅಲ್ಲಿ ಎಡೆಯಿರಲಿಲ್ಲ.

ಮಿತಿಗಳು

ಪ್ರತಿಕೂಲ ಫಲಿತಾಂಶಗಳೂ ಇವೆ. 2008ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಅಧ್ಯಯನವೊಂದರಲ್ಲಿ, ಮೇದೋಜೀರಕ ಗ್ರಂಥಿಯ ತೀವ್ರ ಉರಿಯೂತದಿಂದ ನರಳುತ್ತಿದ್ದ ರೋಗಿಗಳಿಗೆ ಪ್ರೋಬಯಾಟಿಕ್ ಮಿಶ್ರಣವನ್ನು ನೀಡಿದಾಗ ಶೇ. 16ರಷ್ಟು ಮಂದಿ ಮರಣ ಹೊಂದಿದರು. ನೀಡದ ಗುಂಪಿನಲ್ಲಿ ಅದು ಶೇ. 6 ಮಾತ್ರ. 2018ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ವಿಜ್ಞಾನಿಗಳು, ಪ್ರೋಬಯಾಟಿಕ್ ಜೀವಾಣುಗಳು ಕೆಲವರ ಕರುಳಿನಲ್ಲಿ ನೆಲೆಯೂರಿದರೆ ಮತ್ತೆ ಕೆಲವರಲ್ಲಿ ನೆಲೆಯೂರುವುದೇ ಇಲ್ಲವೆಂದು ತೋರಿಸಿದರು. ಪ್ರತಿಜೀವಕ ಔಷಧಿಯ ನಂತರ ಪ್ರೋಬಯಾಟಿಕ್ ಸೇವಿಸಿದವರಲ್ಲಿ ಸ್ವಂತ ಜೀವಾಣುಗಳು ಮರಳುವುದು ತಡವಾದುದನ್ನೂ ಅವರು ಕಂಡರು. 2023ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಪ್ರೋಬಯಾಟಿಕ್ ನೀಡುವುದರ ಅಪಾಯದ ಬಗ್ಗೆ ವೈದ್ಯರನ್ನು ಎಚ್ಚರಿಸಿತು. ಆರೋಗ್ಯವಂತರಿಗೆ ಸಾಮಾನ್ಯವಾಗಿ ನಿರಪಾಯಕರವಾದ ವಸ್ತುವು ತೀವ್ರ ರೋಗಿಗಳಿಗೂ ಎಳೆಯ ಶಿಶುಗಳಿಗೂ ಹಾಗೆಯೇ ಇರುತ್ತದೆಂದು ಭಾವಿಸಲಾಗದು.

ಹೇಳಿಕೆಗೆ ತೆತ್ತ ಬೆಲೆ

ಸಾಕ್ಷ್ಯವನ್ನು ಮೀರಿದ ಹೇಳಿಕೆಗೆ ದೊಡ್ಡ ಕಂಪನಿಗಳೂ ಬೆಲೆ ತೆತ್ತಿವೆ. ಡ್ಯಾನೋನ್ ಸಂಸ್ಥೆಯ ಅಮೆರಿಕದ ಅಂಗವು ತನ್ನ ಮೊಸರು ಮತ್ತು ಪಾನೀಯಗಳ ಜಾಹೀರಾತುಗಳಲ್ಲಿ ಮಾಡಿದ ಆರೋಗ್ಯ ಸಂಬಂಧಿ ಹೇಳಿಕೆಗಳ ಕಾರಣದಿಂದ 2010ರ ಡಿಸೆಂಬರಿನಲ್ಲಿ 39 ರಾಜ್ಯಗಳೊಡನೆ ರಾಜಿ ಮಾಡಿಕೊಂಡು 2.1 ಕೋಟಿ ಡಾಲರ್ ತೆರಬೇಕಾಯಿತು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಸಹ ಆ ಹೇಳಿಕೆಗಳಿಗೆ ಕಡಿವಾಣ ಹಾಕಿತು. ಅದೇ 2010ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು, ಶಿರೋಟಾ ತಳಿಯು ಮೇಲಿನ ಶ್ವಾಸನಾಳದ ರಕ್ಷಣೆಗೆ ನೆರವಾಗುತ್ತದೆ ಎಂಬ ಹೇಳಿಕೆಗೆ ಸಾಕಷ್ಟು ಆಧಾರವಿಲ್ಲವೆಂದು ತೀರ್ಮಾನಿಸಿತು. ಎಂಟು ದಶಕಗಳ ಸಂಶೋಧನೆಯ ಬೆನ್ನಬಲವಿರುವ ತಳಿಗೇ ಈ ಪರೀಕ್ಷೆ ಎದುರಾಗಿರುವಾಗ, ಯಾವ ಅಧ್ಯಯನವೂ ಇಲ್ಲದ ಉತ್ಪನ್ನದ ಪಾಡೇನು ಎಂಬುದನ್ನು ಊಹಿಸಬಹುದು.

ನಮ್ಮ ದೇಶದ ನಿಯಮ

ಸಾಕಷ್ಟು ಪ್ರಮಾಣದಲ್ಲಿ ಸೇವಿಸಿದಾಗ ಸೇವಿಸಿದವರಿಗೆ ಆರೋಗ್ಯದ ಲಾಭ ನೀಡುವ ಜೀವಂತ ಸೂಕ್ಷ್ಮಜೀವಿಗಳೇ ಪ್ರೋಬಯಾಟಿಕ್‌ಗಳು ಎಂಬುದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆಗಳ ತಜ್ಞರು 2001ರಲ್ಲಿ ರೂಪಿಸಿದ ವ್ಯಾಖ್ಯೆಯ ಸಾರಾಂಶ. ಇದರಲ್ಲಿ ಮೂರು ಷರತ್ತುಗಳಿವೆ: ಜೀವಂತವಾಗಿರಬೇಕು, ಪ್ರಮಾಣ ಸಾಕಷ್ಟಿರಬೇಕು, ಲಾಭ ಸಾಬೀತಾಗಿರಬೇಕು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಗಳು 2011ರಲ್ಲಿ ಪ್ರೋಬಯಾಟಿಕ್ ಆಹಾರಗಳ ಮೌಲ್ಯಮಾಪನಕ್ಕೆ ಮಾರ್ಗಸೂಚಿಗಳನ್ನು ಹೊರಡಿಸಿದವು. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2016ರ ನಿಯಮಾವಳಿಯು ಬಳಸಬಹುದಾದ ಜೀವಾಣುಗಳ ಪಟ್ಟಿಯನ್ನು ಒದಗಿಸಿ, ದಿನದ ಸೇವನೆಯಲ್ಲಿ ಕನಿಷ್ಠ 10 ಕೋಟಿ ಜೀವಂತ ಘಟಕಗಳಿರಬೇಕೆಂದು ವಿಧಿಸಿತು. 2022ರಲ್ಲಿ ಈ ನಿಯಮಾವಳಿ ಪರಿಷ್ಕೃತಗೊಂಡಿದೆ. ಉತ್ಪನ್ನವನ್ನು ಯೋಜಿಸುವವರು ಅದರ ಅನುಬಂಧಗಳನ್ನು ಓದಿಕೊಳ್ಳುವುದು ಕಡ್ಡಾಯವೆಂದೇ ತಿಳಿಯಬೇಕು. 2006ರ ಆಹಾರ ಸುರಕ್ಷತಾ ಕಾಯಿದೆಯ 52ನೇ ಕಲಮಿನ ಪ್ರಕಾರ ತಪ್ಪು ಹೆಸರಿನ ಆಹಾರಕ್ಕೆ 3 ಲಕ್ಷ ರೂಪಾಯಿಗಳವರೆಗೆ, 53ನೇ ಕಲಮಿನ ಪ್ರಕಾರ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಸಣ್ಣ ಘಟಕವೊಂದರ ವರ್ಷದ ಲಾಭವನ್ನೇ ಇದು ನುಂಗಬಲ್ಲದು.

ಮೊಸರು, ಮಜ್ಜಿಗೆ, ಇಡ್ಲಿ ಹಿಟ್ಟು

ಈಗ ಆರಂಭದ ಪ್ರಶ್ನೆಗೆ ಉತ್ತರಿಸಬಹುದು. ಮನೆಯ ಅಥವಾ ಡೇರಿಯ ಮೊಸರಿನಲ್ಲಿ ಕೋಟ್ಯಂತರ ಜೀವಾಣುಗಳಿರುವುದು ನಿಜ. ಅದು ಉತ್ತಮ ಆಹಾರವೆಂಬುದೂ ನಿಜ. ಆದರೆ ಹೆಪ್ಪಿನಲ್ಲಿರುವ ತಳಿ ಯಾವುದು, ಅದು ಕರುಳನ್ನು ತಲುಪುತ್ತದೆಯೇ, ಯಾವ ಲಾಭ ಸಾಬೀತಾಗಿದೆ ಎಂಬ ಪ್ರಶ್ನೆಗಳಿಗೆ ಉತ್ತರವಿಲ್ಲದಿದ್ದರೆ ಅದನ್ನು ಮೊಸರೆಂದು ಮಾರಬಹುದೇ ಹೊರತು ಪ್ರೋಬಯಾಟಿಕ್ ಎಂದು ಮಾರಲಾಗದು. ಹುಳಿ ಮಾಡಿದ ನಂತರ ಹೆಚ್ಚಿನ ಉಷ್ಣಕ್ಕೆ ಒಳಪಡಿಸಿ ತಿಂಗಳುಗಟ್ಟಲೆ ಕೆಡದಂತೆ ಪೊಟ್ಟಣ ಮಾಡಿದ ಮಜ್ಜಿಗೆಯಲ್ಲಿ ಜೀವಂತ ಜೀವಾಣುಗಳು ಉಳಿಯುವುದಿಲ್ಲ. ಇಡ್ಲಿ-ದೋಸೆ ಹಿಟ್ಟನ್ನು ಉಬ್ಬಿಸುವುದು ಲ್ಯೂಕೋನಾಸ್ಟಾಕ್ ಮುಂತಾದ ಲ್ಯಾಕ್ಟಿಕ್ ಜೀವಾಣುಗಳೇ. ಆದರೆ ಇಡ್ಲಿಯನ್ನು ಹಬೆಯಲ್ಲಿ ಬೇಯಿಸಿದಾಗ ಅವೂ ಬೆಂದುಹೋಗುತ್ತವೆ. ಹುದುಗುವಿಕೆಯಿಂದ ಜೀರ್ಣಶಕ್ತಿಗೂ ರುಚಿಗೂ ಒದಗುವ ಗುಣಗಳನ್ನು ಅವುಗಳ ಹೆಸರಿನಲ್ಲಿಯೇ ಹೇಳಿದರೆ ಸಾಕು.

ತಳಿಯನ್ನು ಕೊಂಡು ತಂದು ಉತ್ಪನ್ನ ಮಾಡುವವರಿಗೆ ಅತಿ ದೊಡ್ಡ ಸವಾಲು ಜೀವಾಣುಗಳ ಉಳಿವು. ಉದಾಹರಣೆಗಾಗಿ ಒಂದು ಲೆಕ್ಕ ನೋಡಿರಿ. ಪೊಟ್ಟಣ ಮಾಡುವಾಗ 100 ಕೋಟಿ ಜೀವಾಣುಗಳಿದ್ದು, ತಿಂಗಳಿಗೆ ಹತ್ತರಲ್ಲಿ ಒಂಬತ್ತು ಭಾಗ ಸಾಯುತ್ತವೆ ಎಂದು ಭಾವಿಸಿದರೆ, ಒಂದು ತಿಂಗಳ ಬಳಿಕ ಉಳಿಯುವುದು 10 ಕೋಟಿ. ಎರಡು ತಿಂಗಳ ಬಳಿಕ 1 ಕೋಟಿ. ಮೊದಲ ತಿಂಗಳ ಕೊನೆಯವರೆಗೆ ನಿಯಮಕ್ಕೆ ಸಲ್ಲುವ ಸರಕು ಎರಡನೆಯ ತಿಂಗಳಲ್ಲಿ ಸಲ್ಲದು. ಆದುದರಿಂದಲೇ ಮಾರ್ಗಸೂಚಿಯು ತಯಾರಿಕೆಯ ದಿನದ ಸಂಖ್ಯೆಯನ್ನಲ್ಲ, ಬಳಕೆಯ ಅವಧಿಯ ಕೊನೆಯ ದಿನದ ಸಂಖ್ಯೆಯನ್ನು ನಮೂದಿಸುವಂತೆ ಕೇಳುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಲಾರಿಯಲ್ಲಿ ಕಳೆದ ನಾಲ್ಕು ಗಂಟೆ ಅಥವಾ ರಾತ್ರಿ ಶೀತಲಪೆಟ್ಟಿಗೆಯ ವಿದ್ಯುತ್ತನ್ನು ಆರಿಸುವ ಅಂಗಡಿಯವರ ಅಭ್ಯಾಸ ಇಡೀ ಸರಕಿನ ಗುಣವನ್ನು ಕಳೆಯಬಲ್ಲದು. ಗ್ರಾಹಕನಿಗೆ ರುಚಿಯಲ್ಲಿ ವ್ಯತ್ಯಾಸ ತಿಳಿಯದಿದ್ದರೂ ಹಣ ಕೊಟ್ಟುದು ಜೀವಾಣುವಿಗೆ. ಅವನಿಗೆ ದೊರೆತುದು ಬರಿಯ ಸಿಹಿ ಹಾಲು.

ಇದಕ್ಕೆ ಒಂದು ಪರಿಹಾರ ಬೀಜಾಣು ರೂಪದ ಜೀವಾಣುಗಳು. ಬ್ಯಾಸಿಲಸ್ ಕೊಯಾಗ್ಯುಲನ್ಸ್ ಎಂಬ ಗುಂಪಿನವು ಪ್ರತಿಕೂಲ ಸ್ಥಿತಿಯಲ್ಲಿ ಗಟ್ಟಿಯಾದ ಕವಚದೊಳಗೆ ಸುಪ್ತವಾಗಿದ್ದು, ಶೀತಲೀಕರಣವಿಲ್ಲದೆಯೂ ಬಾಳುತ್ತವೆ. ಬೆಂಗಳೂರಿನ ಸಾಮಿ-ಸಬಿನ್ಸಾ ಸಮೂಹವು 'ಲ್ಯಾಕ್ಟೋಸ್ಪೋರ್' ಎಂಬ ಹೆಸರಿನಲ್ಲಿ ಇಂತಹ ತಳಿಯೊಂದನ್ನು ತಯಾರಿಸುತ್ತದೆ. ಆ ತಳಿಯು ಚಂಡೀಗಢದ ಸೂಕ್ಷ್ಮಜೀವಿ ಸಂಗ್ರಹಾಲಯದಲ್ಲಿ 5856 ಎಂಬ ಸಂಖ್ಯೆಯಡಿ ಠೇವಣಿಯಾಗಿದೆ. ತಳಿಯೊಂದಕ್ಕೆ ಹೀಗೆ ಸಂಖ್ಯೆ ದೊರೆಯುವುದೆಂದರೆ ಜಮೀನಿಗೆ ಸರ್ವೆ ನಂಬರು ದೊರೆತಂತೆ; ಅದಿಲ್ಲದೆ ಒಡೆತನವೂ ಸಾಬೀತಾಗದು, ಗುಣವೂ ಸಾಬೀತಾಗದು.

ಈ ಕ್ಷೇತ್ರಕ್ಕೆ ಕಾಲಿಡಬಯಸುವ ಸದಸ್ಯರು ಬಂಡವಾಳ ಹೂಡುವ ಮುನ್ನ ಈ ಅಂಶಗಳನ್ನು ಪರಿಶೀಲಿಸುವುದು ಉಚಿತ:

1. ತಳಿಯ ಪೂರ್ಣ ಹೆಸರು ಮತ್ತು ಠೇವಣಿ ಸಂಖ್ಯೆಯನ್ನು ಸರಬರಾಜುದಾರರಿಂದ ಲಿಖಿತವಾಗಿ ಪಡೆಯಬೇಕು. ಅದು ನಿಯಮಾವಳಿಯ ಪಟ್ಟಿಗೆ ಸೇರಿದೆಯೇ ಎಂದು ನೋಡಬೇಕು.

2. ಹೇಳಬಯಸುವ ಲಾಭವು ಅದೇ ತಳಿಯಲ್ಲಿ, ಅದೇ ಪ್ರಮಾಣದಲ್ಲಿ, ಮನುಷ್ಯರ ಮೇಲೆ ಪರೀಕ್ಷಿತವಾಗಿದೆಯೇ ಎಂದು ಕೇಳಬೇಕು.

3. ಬಳಕೆಯ ಅವಧಿಯ ಕೊನೆಯವರೆಗೆ, ಅಂಗಡಿಯ ನೈಜ ಉಷ್ಣತೆಯಲ್ಲಿ ಇಟ್ಟ ಮಾದರಿಗಳನ್ನು ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಎಣಿಕೆ ಮಾಡಿಸಬೇಕು.

4. ಕಾರ್ಖಾನೆಯಿಂದ ಚಿಲ್ಲರೆ ಅಂಗಡಿಯವರೆಗೆ ಶೀತಲ ಸರಪಳಿಯ ಹೊಣೆ ಯಾರದೆಂಬುದನ್ನು ಕರಾರಿನಲ್ಲಿಯೇ ನಮೂದಿಸಬೇಕು.

5. ಹೊದಿಕೆಯ ಮೇಲೆ ರೋಗ ಗುಣಪಡಿಸುವ ಮಾತು ಬರಕೂಡದು.

ತಾಂತ್ರಿಕ ಸಲಹೆಗಾಗಿ ನಮ್ಮ ರಾಜ್ಯದವರು ದೂರ ಹೋಗಬೇಕಾಗಿಲ್ಲ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯೂ, 1923ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರವೂ ನಮ್ಮಲ್ಲಿವೆ.

ಡಾ. ಶಿರೋಟಾ ಅವರು ಕ್ಯೋಟೋದ ವೈದ್ಯಕೀಯ ವಿಭಾಗಕ್ಕೆ ಕಾಲಿಟ್ಟಂದಿನಿಂದ ಒಂದು ತಳಿಯನ್ನು ಸಿದ್ಧಪಡಿಸಲು ಒಂಬತ್ತು ವರ್ಷ, ಅದನ್ನು ಮಾರುಕಟ್ಟೆಗೆ ತರಲು ಮತ್ತೆ ಐದು ವರ್ಷ ಹಿಡಿಯಿತು. ಅಷ್ಟಾದ ಮೇಲೂ ಅದರ ಗುಣಾವಗುಣಗಳ ಪರೀಕ್ಷೆ ಇಂದಿಗೂ ನಿಂತಿಲ್ಲ. ಸಣ್ಣ ಉದ್ಯಮಿಗೆ ಅಷ್ಟು ಕಾಲಾವಕಾಶ ಇಲ್ಲದಿರಬಹುದು. ಆದರೆ ಸಿದ್ಧವಾಗಿರುವ ತಳಿಯನ್ನು ಪ್ರಾಮಾಣಿಕವಾಗಿ ಆರಿಸಿ, ಅದನ್ನು ಜೀವಂತವಾಗಿ ತಲುಪಿಸಿ, ಸಾಬೀತಾದಷ್ಟನ್ನೇ ಹೇಳುವ ಕೆಲಸ ಯಾವ ಗಾತ್ರದ ಘಟಕಕ್ಕೂ ಸಾಧ್ಯ. ಗ್ರಾಹಕನು ಕಣ್ಣಿಗೆ ಕಾಣದ ವಸ್ತುವಿಗೆ ಹಣ ಕೊಡುವ ವ್ಯಾಪಾರವಿದು. ಇಲ್ಲಿ ಬೇಡಿಕೆ ಉಳಿಯುವುದು ನಂಬಿಕೆ ಉಳಿದಷ್ಟು ದಿನ ಮಾತ್ರ.